ಹೆಸರ ಬಿಟ್ಟು ಓದಿದ ಪತ್ರ

ಜಮಖಂಡಿ
೯ ಜೂನ್ ೨೦೨೪

ಅಪ್ಪಾ,

ನಿನಗ ಬರದು ಏಳ ತಿಂಗಳಾತು. ದೀಪಾವಳಿಗೆ ನೀ ಬರದ ಕಾರ್ಡ ಇನ್ನೂ ನನ್ನ ಟ್ರಂಕಿನ್ಯಾಗ ಐತಿ. ಉತ್ತರ ಬರೀಬೇಕಂತ ಕುಂತಾಗೆಲ್ಲಾ 'ನಾ ಅರಾಮ ಅದೇನಿ, ನೀ ಅರಾಮ ಇರು' ಅನ್ನೂದರ ಮುಂದ ಪೆನ್ನ ಹೋಗತಿದ್ದಿಲ್ಲ. ಜೈಲಿನಿಂದ ಫೋನ್ ಮಾಡೂ ಸವಲತ್ತ ಐತಿ, ಗೊತ್ತೈತಿ. ಆದ್ರ ನಿನ್ನ ಹಿಂದ ಹತ್ತ ಮಂದಿ ಪಾಳಿ ಹಚ್ಚಿ ನಿಂತಿರತಾರ. ಐದ ನಿಮಿಷದಾಗ ನಾವಿಬ್ಬರೂ 'ಊಟ ಆತೇನು' ಅಂತ ಎರಡೆರಡ ಸರ್ತಿ ಕೇಳಿ ಮುಗಸ್ತೇವಿ. ಪತ್ರನ ಛಲೋ.

ಈಗ ಹೇಳೂವಂಥಾದ್ದು ಒಂದ ಐತಿ, ಅದಕ್ಕ ಬರದೇನಿ.

ನಾ ಈಗೂ ಅದ ಝೆರಾಕ್ಸ್ ಅಂಗಡ್ಯಾಗ ಕೆಲಸ ಮಾಡ್ತೇನಿ, ತಹಶೀಲ್ದಾರ ಕಚೇರಿ ಎದುರ. ಹೊಲದ ಉತಾರ ತಗದ ಕೊಡೂದು, ಮಂದಿ ಅರ್ಜಿ ತುಂಬೂದು. ಬೋರವ್ವ ಅಂತ ಒಬ್ಬ ಮುದುಕಿ ಮನಿ ಮಾಳಿಗಿ ಮ್ಯಾಲ ಒಂದ ಖೋಲಿ. ಅಂಗಡ್ಯಾಗ ನನ್ನ ಜೋಡಿ ರೇಷ್ಮಾ ಅಂತ ಇದ್ದಾಳ, ರಬಕವಿಯಾಕಿ, ಅವರ ಮನ್ಯಾಗ ನಾಕ ಮಗ್ಗ ಅದಾವ. ಆಕಿ ಒಂದಿನ ಅಂದ್ಲು, "ಮಧು, ನಾವಿಬ್ಬರೂ ಒಂದ ಪಾಡ್‌ಕಾಸ್ಟ್ ಮಾಡೂಣಲೇ."

ಪಾಡ್‌ಕಾಸ್ಟ್ ಅಂದ್ರ ರೇಡಿಯೋ ಇದ್ದಂಗ ಅಪ್ಪಾ. ಆದ್ರ ಟೈಮಿಗೆ ಕಾಯೂದಿಲ್ಲ. ಮಾತಾಡಿ, ರೆಕಾರ್ಡ್ ಮಾಡಿ ಹಾಕಿಬಿಟ್ರ ಯಾರಿಗೆ ಯಾವಾಗ ಬೇಕೋ ಆವಾಗ ಮೊಬೈಲಿನ್ಯಾಗ ಕೇಳತಾರ. ರೊಟ್ಟಿ ಬಡಕೋತ, ಬಸ್ಸಿನ್ಯಾಗ ಕುಂತಕೋತ. ನಮ್ಮದರ ಹೆಸರ 'ನಮ್ಮ ಕಡಿ ಮಂದಿ'. ದೊಡ್ಡ ಮಂದಿ ಬ್ಯಾಡ, ಕೆಲಸ ಮಾಡಿದ ಮಂದಿ ಮಾತಾಡ್ಲಿ ಅಂತ ನಮ್ಮ ವಿಚಾರ. ರೇಷ್ಮಾ ಕೊರಳಪಟ್ಟಿಗೆ ಸಿಗಸೂ ಸಣ್ಣ ಮೈಕ ತರಿಸ್ಯಾಳ. ರಸ್ತೇದ ಸಪ್ಪಳ ಬರಬಾರದಂತ ನಾ ಖೋಲ್ಯಾಗ ತಲಿ ಮ್ಯಾಲ ಅವ್ವನ ಕೌದಿ ಹೊಚಗೊಂಡ ಮಾತಾಡಿದ್ನಿ. "ನಮಸ್ಕಾರ್ರಿ, ನನ್ನ ಹೆಸರು ಮಧುಮತಿ" ಅಂದ್ನಿ, ಮುಂದ ಬರಲಿಲ್ಲ. ಬೆವರ ಹರೀತು. ಆರ ಸರ್ತಿ ಅಳಿಸಿದ್ನಿ. ನಾ ಹಿಂಗ ಎಲ್ಲಾರಿಗೂ ಕೇಳೂವಂಗ ನನ್ನ ಹೆಸರ ಹೇಳಿ ಮಾತಾಡಿದ್ದು ಸಾಲ್ಯಾಗ ಎಂಟನೇತ್ತ ಇದ್ದಾಗ ಒಮ್ಮೆ. ಎಲ್ಲಿ ಅಂತ ನಿನಗೂ ಗೊತ್ತೈತಿ. ಅದು ಇರ್ಲಿ.

ಮೊದಲನೇ ಕಂತ ಚಿಕ್ಕಪಡಸಲಗಿ ಬ್ಯಾರೇಜಿಂದು. ರೈತರ ತಾವ ಹೊಳಿಗೆ ಅಡ್ಡ ಕಟ್ಟಿದ್ದು. ಇಬ್ಬರ ಹಿರ್ಯಾರನ್ನ ಮಾತಾಡಿಸಿ ಬಂದೇವಿ. ಮೈಕ ಕಂಡ ಕೂಡ್ಲೇ ಇಬ್ಬರೂ ಭಾಷಣ ಚಾಲೂ ಮಾಡಿದ್ರು. ಒಗ್ಗಟ್ಟು, ತ್ಯಾಗ, ಇತಿಹಾಸ. ಏನ ಉಂಡ್ರಿ, ಎಲ್ಲಿ ಮಲಗಿದ್ರಿ, ಕೈ ಹೆಂಗ ಆಗಿದ್ವು ಅಂತ ಕೇಳಿದ್ರ 'ಅದೇನ ಬಿಡವಾ' ಅಂತಾರ. ನೀ ಅಲ್ಲಿ ಕಲ್ಲ ಹೊತ್ತಿದ್ದಿ ಅಂತ ಅವ್ವ ಹೇಳತಿದ್ಲು. ನೆನಪಿದ್ದಷ್ಟ ಬರದ ಕಳಸತಿಯೇನು? ಭಾಷಣ ಬ್ಯಾಡ.

ನಿನ್ನ ಮಗಳು,
ಮಧುಮತಿ


ಜೈಲಿನಿಂದ
೩೦ ಜೂನ್ ೨೦೨೪

ಮಧು,

ನಿನ್ನ ಪತ್ರ ಬಂದು ಹದಿನೈದ ದಿನಾತು. ನಾಕ ಸರ್ತಿ ಓದೇನಿ. ಇಲ್ಲಿ ಆಫೀಸಿನ್ಯಾಗ ಒಡದ ಓದಿನ ಕೊಡತಾರ. ಸಾಹೇಬ್ರು 'ನಿನ್ನ ಮಗಳ ಅಕ್ಷರ ಛಲೋ ಅದಾವ' ಅಂದ್ರು. ಹೂಂರಿ ಅಂದ್ನಿ.

ನೀ ಕೇಳಿದ್ದು. ಆಗ ನನಗ ಹತ್ತೊಂಬತ್ತ. ಮದವಿ ಆಗಿರಲಿಲ್ಲ. ನಮ್ಮೂರಿಂದ ದಿನಾ ಒಂದ ಟ್ರ್ಯಾಕ್ಟರ ತುಂಬ ಮಂದಿ ಹೋಗತಿದ್ವಿ. ರೊಟ್ಟಿ ಊರೂರಿಂದ ಬರತಿದ್ವು, ಯಾರ ಮನೀವು ಅಂತ ಯಾರಿಗೂ ಗೊತ್ತಿಲ್ಲ. ಒಂದ ರೊಟ್ಟಿ ದಪ್ಪ, ಒಂದ ತೆಳ್ಳಗ, ಒಂದ ಹೊತ್ತಿದ್ದು. ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಸಿಮೆಂಟ ನೀರಾಗ ನಿಂತ ನಿಂತ ಕಾಲಬೆರಳ ಸಂದಿ ಹುಣ್ಣಾಗತಿದ್ವು. ಸಂಜಿಮುಂದ ಎಲ್ಲಾರೂ ಸಾಲಾಗಿ ಕುಂತ ಒಬ್ಬರ ಕಾಲಿಗೆ ಒಬ್ಬರು ಎಣ್ಣಿ ಹಚ್ಚತಿದ್ವಿ. ನಗತಿದ್ವಿ. ಯಾಕ ನಗತಿದ್ವಿ ನೆನಪಿಲ್ಲ.

ದೊಡ್ಡ ಕಲ್ಲ ಇಬ್ಬರ ಹೊರಬೇಕು. ಬಡಿಗಿಗೆ ಹಗ್ಗ ಕಟ್ಟಿ, ನಡುವ ಕಲ್ಲ ಜೋತಬಿಟ್ಟ, ಮುಂದ ಒಬ್ಬ ಹಿಂದ ಒಬ್ಬ ಹೆಗಲ ಕೊಡೂದು. ನನ್ನ ಜೋಡಿ ಗಿರಮಲ್ಲಪ್ಪ ಇರತಿದ್ದ. ಒಮ್ಮೆ ನನಗ ಜ್ವರ ಬಂದಿತ್ತು. ಮನೀಗೆ ಹೋದ್ರ ಮಂದಿ ಮೈಗಳ್ಳ ಅಂತಾರಂತ ಹೇಳಿರಲಿಲ್ಲ. ಎರಡ ಸುತ್ತ ಹೊತ್ತ ಮ್ಯಾಲ ಕಲ್ಲ ಹಗರ ಆದಂಗ ಆತು. ತಿರಗಿ ನೋಡತೇನಿ, ಗಿರಮಲ್ಲಪ್ಪ ಹಗ್ಗ ತನ್ನ ಕಡೀಕ ಜಗ್ಗಿಕೊಂಡಾನ. ಭಾರ ಎಲ್ಲಾ ಅವನ ಹೆಗಲ ಮ್ಯಾಲ. ಕಲ್ಲ ಅವನ ಎದಿಗೆ ಬಡ್ಯಾಕತ್ತಿತ್ತು. "ಏನ ಮಾಡಾಕತ್ತೀಲೇ?" ಅಂದ್ನಿ. "ಮುಂದ ನೋಡಿ ನಡೀಲೇ, ನಿನ್ನ ಕಾಲ ಜಾರಿದ್ರ ನಾನೂ ಹೊಳಿ ಪಾಲ" ಅಂದ. ಮೂರ ದಿನ ಹಂಗ ಹೊತ್ತ. ಆಮ್ಯಾಲೆ ಅವನ ಎದಿ ಮ್ಯಾಲ ಕಪ್ಪಂದ ಒಂದ ಗುರತ ಆಗಿತ್ತು.

ಇಷ್ಟ ನೆನಪೈತಿ.

ಇನ್ನೊಂದ ಸುದ್ದಿ. ಸನ್ನಡತೆ ಮ್ಯಾಲ ಬಿಡೂವರ ಪಟ್ಟಿಗೆ ನನ್ನ ಹೆಸರನೂ ಬರಕೊಂಡಾರ. ಬಿಟ್ರ ಜನವರಿ ಇಪ್ಪತ್ತಾರಕ್ಕ. ಅದಕ್ಕೂ ಮೊದಲ ಪೊಲೀಸರು ಊರಾಗ ಕೇಳತಾರಂತ. ಸತ್ತವರ ಮನ್ಯಾಗೂ ಕೇಳತಾರಂತ.

ನಿಮ್ಮಪ್ಪ,
ಈಶ್ವರ


ಜಮಖಂಡಿ
೨೮ ಜುಲೈ ೨೦೨೪

ಅಪ್ಪಾ,

ಮೊದಲನೇ ಕಂತ ಹೋದ ಐತವಾರ ಹಾಕಿದ್ವಿ. ಎರಡನೂರ ಹನ್ನೆರಡ ಮಂದಿ ಕೇಳ್ಯಾರ! ನಾ ಮಾತಾಡೂದು ಹೆಂಗೋ ಆತು. ರೇಷ್ಮಾ ನನ್ನ ಎದುರ ಕುಂತ, "ನನಗ ಹೇಳು, ಮೈಕಿಗೆ ಹೇಳಬ್ಯಾಡ" ಅಂದ್ಲು. ಆಕಿ ಮಾರಿ ನೋಡಕೋತ ಹೇಳಿದ್ನಿ. ಕೆಳಗ ಬೋರವ್ವ ಖಾರ ಕುಟ್ಟಾಕತ್ತಿದ್ಲು, ಎರಡ ಸರ್ತಿ ಹೋಗಿ ಕೈ ಮುಗದ ಬಂದ್ವಿ. ಮೂರನೇ ಸರ್ತಿ ಆಕಿ ಕುಟ್ಟೂದ ಬಿಟ್ಟ ಮಾಳಿಗಿಗೆ ಬಂದು ತಾನೂ ಕೇಳಕೋತ ಕುಂತ್ಲು.

ಹಿರ್ಯಾರ ಭಾಷಣ ಎಲ್ಲಾ ಕತ್ತರಿಸಿ ನಡುವ ನಿನ್ನ ಪತ್ರ ಓದಿದ್ನಿ. 'ಅಲ್ಲಿ ಕಲ್ಲ ಹೊತ್ತ ಹಿರಿಯರೊಬ್ಬರು ಬರದ ಕಳಸ್ಯಾರ' ಅಂತ ಹೇಳಿ ಓದಿದ್ನಿ. ನಿನ್ನ ಹೆಸರ ಹಾಕಲಿಲ್ಲ. ಗಿರಮಲ್ಲಪ್ಪ ಕಾಕಾನ ಹೆಸರ ಬಂದಲ್ಲಿ 'ಒಬ್ಬ ಗೆಳೆಯ' ಅಂತ ಮಾಡಿದ್ನಿ. ನೀ ತಪ್ಪ ತಿಳಕೋಬ್ಯಾಡ. ನಿನ್ನ ಪತ್ರದಾಗ ಆ ಹೆಸರ ಬರದದ್ದು ನೋಡಿದಾಗ ನನ್ನ ಕೈ ನಿಂತ್ವು. ಇಷ್ಟ ವರ್ಷದಾಗ ನೀ ಆಗಲಿ, ಅವ್ವ ಆಗಲಿ, ನಾ ಆಗಲಿ ಒಮ್ಮೆಯೂ ಆ ಹೆಸರ ಎತ್ತಿಲ್ಲ.

ರೇಷ್ಮಾ ಕಣ್ಣೀರ ಒರಸ್ಕೊಂಡ್ಲು. "ಯಾರ ಇವರು? ಇವರ ಧ್ವನೀಲೇನ ಬೇಕಲೇ" ಅಂದ್ಲು. ದೂರದ ಸಂಬಂಧಿಕರು, ಹಾಸಿಗಿ ಹಿಡದಾರ ಅಂತ ಹೇಳಿದ್ನಿ. ಆಕಿಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ ಅಪ್ಪಾ. ತಂದಿ ತಾಯಿ ಇಲ್ಲ ಅಂತ ಹೇಳೇನಿ. ಜಮಖಂಡಿಗೆ ಬಂದಾಗಿಂದ ಎಲ್ಲಾರಿಗೂ ಅದನ್ನ ಹೇಳೇನಿ.

ಎರಡನೇ ಕಂತಿಗೆ ಮುಧೋಳ ಕಡಿ ತಿಮ್ಮಾಪುರಕ್ಕ ಹೋಗಿದ್ವಿ, ನಾಯಿ ಸಾಕೂವರನ್ನ ಮಾತಾಡ್ಸಾಕ. ರೇಷ್ಮಾಗ ಬೊಗಳೂ ಸಪ್ಪಳ ಬೇಕಾಗಿತ್ತು. ಮುಂಜಾನಿಯಿಂದ ಮಧ್ಯಾಹ್ನತನಾ ಮೈಕ ಹಿಡಕೊಂಡ ನಿಂತ್ಲು, ಒಂದ ನಾಯಿನೂ ಬಾಯಿ ಬಿಡಲಿಲ್ಲ. ಸುಮ್ನ ನೋಡತಿದ್ವು, ಉದ್ದಾನ ಮಾರಿ, ತೆಳ್ಳಗಿನ ಕಾಲ. ಅಲ್ಲಿ ಸಾಕೂ ಹಿರ್ಯಾ ನಕ್ಕು, "ಇವು ಓಡೂ ಜಾತಿರೀ ಅಕ್ಕಾರ, ಒದರೂ ಜಾತಿ ಅಲ್ಲ" ಅಂದ. ಬಂದು ಕೇಳಿದ್ರ ಎರಡ ತಾಸ ಬರೇ ಗಾಳಿ. ರೇಷ್ಮಾ ಸಿಟ್ಟಾದ್ಲು. ನನಗ ಅದನ್ನ ಅಳಸಾಕ ಮನಸ ಬರಲಿಲ್ಲ. ರೂಮಿನ್ಯಾಗ ಒಬ್ಬಾಕಿನ ಇದ್ದಾಗ ಹಚ್ಚಕೊಂಡ ಕೇಳತೇನಿ. ಬಾಜೂಕ ಯಾರೋ ಕುಂತಂಗ ಇರತೈತಿ.

ಬಿಡುಗಡಿ ಸುದ್ದಿ ಓದಿದ್ನಿ. ಆಗಲಿ.

ಮಧು


ಜೈಲಿನಿಂದ
೧೮ ಆಗಸ್ಟ್ ೨೦೨೪

ಮಧು,

ಹೆಸರ ತಗದದ್ದು ಓದಿದ್ನಿ. ನಿನಗ ತೊಂದರಿ ಆಗಬಾರದು. ಅಷ್ಟ ಸಾಕು.

ಇಲ್ಲಿ ಜಮಖಾನಿ ನೇಯೂ ಕಡೆ ನನ್ನ ಜೋಡಿ ಕೆಲಸ ಮಾಡಾವರಿಗೆ ಹೇಳಿದ್ನಿ, ನನ್ನ ಪತ್ರ ಮೊಬೈಲಿನ್ಯಾಗ ಬಂದೈತಿ ಅಂತ. ಒಬ್ಬಾಂವ ನಕ್ಕ, "ಎಲ್ಲಿ, ಕೇಳಸು ನೋಡೂಣ" ಅಂದ. ಎಲ್ಲಿಂದ ಕೇಳಸಲಿ. ಎರಡನೂರ ಹನ್ನೆರಡ ಮಂದಿ ಕೇಳ್ಯಾರ, ಬರದ ನಾ ಕೇಳಿಲ್ಲ.

ನೀ ತಂದಿ ಇಲ್ಲ ಅಂತ ಹೇಳಿದ್ದು ಬರದದ್ದು ಛಲೋ ಆತು. ಮುಚ್ಚಿಡಲಿಲ್ಲ. ನನಗ ಸಿಟ್ಟಿಲ್ಲ. ಹೊರಗ ಬಂದ್ರ ನಾ ಜಮಖಂಡಿಗೆ ಬರೂದಿಲ್ಲ, ಬ್ಯಾರೆ ಎಲ್ಲೆರ ಇರತೇನಿ.

ಈಶ್ವರ


ಜಮಖಂಡಿ
೨೨ ಸೆಪ್ಟೆಂಬರ್ ೨೦೨೪

ಅಪ್ಪಾ,

ಈ ಪತ್ರ ಓದೂಮುಂದ ಒಂದ ಕಡೆ ಕುಂಡ್ರು.

ನಮ್ಮ ಕಂತಿನ ಕಡೀಕ ಒಂದ ನಂಬರ ಹೇಳತೇವಿ, ಕೇಳಿದವರು ಅದಕ್ಕ ಮಾತಾಡಿ ಕಳಸಬಹುದು. ಹೋದ ವಾರ ಒಬ್ಬ ಹೆಣಮಗಳ ಧ್ವನಿ ಬಂತು. "ನಾ ಅನಗವಾಡಿಯಿಂದ ಮಾತಾಡಾಕತ್ತೇನಿ. ನನ್ನ ತಮ್ಮನ ಮಗಳು ಕೇಳಸಿದ್ಲು. ಕಲ್ಲಿನ ಹಗ್ಗ ತನ್ನ ಕಡೀಕ ಜಗ್ಗಿಕೊಂಡಾಂವನ ಗೆಳೆಯ ಅಂದ್ರೆಲ್ಲ, ಅವನಿಗೆ ಹೆಸರಿಲ್ಲೇನು?" ಇಷ್ಟ. ರೇಷ್ಮಾಗ ಖುಷಿನ ಖುಷಿ. "ಮುಂದಿನ ಕಂತ ಸಿಕ್ತಲೇ!" ಅಂದ್ಲು. ನನಗ ಯಾರಂತ ಗೊತ್ತಾತು. ಗಿರಮಲ್ಲಪ್ಪ ಕಾಕಾ ಹೋದ ಮ್ಯಾಲ ಅವನ ಹೆಂಡತಿ ಸುಂದರವ್ವ ಕಾಕಿ ತವರಮನಿ ಸೇರಿದ್ದು ಅನಗವಾಡ್ಯಾಗ.

ರೇಷ್ಮಾಗ ಹೇಳದ ಒಬ್ಬಾಕಿನ ಹೋದ್ನಿ. ಬೀಳಗಿತನಾ ಒಂದ ಬಸ್, ಅಲ್ಲಿಂದ ಇನ್ನೊಂದ. ಹೊಳಿ ತುಂಬಿ ನಿಂತಿತ್ತು. ಕಾಕಿ ಬಾಗಲದಾಗ ಕುಂತ ಅಕ್ಕಿ ಹಸನ ಮಾಡಾಕತ್ತಿದ್ಲು. ತಲಿ ಎತ್ತಿ ನೋಡಿದ್ಲು, ಮೊರ ಕೆಳಗ ಇಟ್ಲು.

"ಈಶ್ವರನ ಮಗಳಲ್ಲ ನೀ?"

"ಹೌದ್ರಿ ಕಾಕಿ."

ಕುಂಡ್ರು ಅನ್ನಲಿಲ್ಲ. ನಾನ ಕಟ್ಟಿ ಮ್ಯಾಲ ಕುಂತ್ನಿ.

"ಆ ಪತ್ರ ಅವಂದ ಹೌದಲ್ಲ? ಎದಿ ಮ್ಯಾಲಿನ ಗುರತ ನನ್ನ ಗಂಡಂದು. ಮದವ್ಯಾಗಿ ಬಂದಾಗೂ ಇತ್ತು. ಹೆಂಗಾತು ಅಂತ ಕೇಳಿದ್ರ ಇದ ಕಥಿ ಹೇಳತಿದ್ದ. ಈಶ್ಯಾಗ ಜ್ವರಾ ಬಂದಿತ್ತು ಅಂತಿದ್ದ."

ನಾ ತಪ್ಪಾತ್ರಿ ಅಂದ್ನಿ. ಹೆಸರ ಹಾಕಬೇಕಾಗಿತ್ರಿ ಅಂದ್ನಿ.

"ಕೊಂದ ಮ್ಯಾಲ ಹೆಸರನೂ ತಗದ್ರಿ" ಅಂದ್ಲು. ದನಿ ಏರಿಸಲಿಲ್ಲ. ಆಮ್ಯಾಲೆ ಅಂದ್ಲು, "ಕೋರ್ಟಿಗೆ ನೀ ಸಾಲಿ ಅರಿವಿ ಹಾಕ್ಕೊಂಡ ಬಂದಿದ್ದಿ. ಎರಡ ಜಡಿ. 'ನಮ್ಮಪ್ಪ ಮನ್ಯಾಗ ಊಟ ಮಾಡಾಕತ್ತಿದ್ದ' ಅಂತ ಹೇಳಿದಿ. ನಿನ್ನ ಮ್ಯಾಲ ನನಗ ಸಿಟ್ಟ ಬರಲಿಲ್ಲ. ಕಲಿಸಿದ್ದ ಹೇಳತೈತಿ ಕೂಸು ಅಂದ್ಕೊಂಡ್ನಿ. ಕೋರ್ಟನೂ ನಂಬಲಿಲ್ಲ. ಆದ್ರ ಅಂವ ನಾ ಅಲ್ಲಿ ಇದ್ದಿದ್ದಿಲ್ಲ ಅಂದಬಿಟ್ಟ ನೋಡು, ಅಲ್ಲಿ ಏನಾತು ಅಂತ ನಾ ಯಾರನ್ನ ಕೇಳಲಿ? ನನ್ನ ಗಂಡನ ತಲಿಗೆ ನಿಮ್ಮಪ್ಪನ ಹೆಗಲ ಮ್ಯಾಲಿನ ವಲ್ಲಿ ಸುತ್ತಿತ್ತು. ಆ ವಲ್ಲಿ ಮ್ಯಾಲಿಂದನ ಅವನ್ನ ಹಿಡದ್ರು. ಹೊಡದಾಂವ ಪಟ್ಟಿ ಯಾಕ ಕಟ್ಟತಾನ? ಹದಿಮೂರ ವರ್ಷ ಇದನ್ನ ತಿರುವಿ ತಿರುವಿ ನೋಡೇನಿ. ಕಡೀಕ ನನ್ನ ಗಂಡ ಏನಂದ? ಏನರ ಅಂದ್ನಾ? ಅದನ್ನ ಬಲ್ಲಾಂವ ಭೂಮಿ ಮ್ಯಾಲ ಒಬ್ಬನ ಅದಾನ."

ಪೊಲೀಸರು ಆಕಿ ಹಂತ್ಯಾಕ ಬಂದಿದ್ರಂತ. 'ವಿಚಾರ ಮಾಡಿ ಹೇಳತೇನಿ' ಅಂದಾಳಂತ.

ನಾ ಬರೂಮುಂದ ಕೈಯಾಗ ಒಂದ ತಂಬಗಿ ನೀರ ಕೊಟ್ಲು. ಚಹಾ ಕೊಡಲಿಲ್ಲ.

ಅಪ್ಪಾ, ಆವತ್ತ ನೀ ಮನೀಗೆ ಬಂದು ಊಟ ಮಾಡಿದ್ದು ಖರೆ. ತಾಟ ಹಾಕಿದಾಕಿ ನಾನ. ಆದ್ರ ಎಷ್ಟ ಗಂಟೇಕ ಬಂದಿ ಅಂತನೂ ನೋಡಿದ್ನಿ. ಆವತ್ತಿನಿಂದ ಇವತ್ತಿನ ತನಕ ನಾ ನಿನ್ನ ಕೇಳಿಲ್ಲ. ಈಗ ಕೇಳಾಕತ್ತೇನಿ. ಅಲ್ಲಿ ಏನಾತು?

ಮಧುಮತಿ


ಜಮಖಂಡಿ
೨೭ ಅಕ್ಟೋಬರ್ ೨೦೨೪

ಅಪ್ಪಾ,

ಒಂದ ತಿಂಗಳಾತು, ನಿನ್ನ ಉತ್ತರ ಇಲ್ಲ. ಪತ್ರ ಮುಟ್ಟಿಲ್ಲೇನು ಅಂತ ಜೈಲಿಗೆ ಫೋನ್ ಮಾಡಿ ಕೇಳಿದ್ನಿ. ಮುಟ್ಟೈತಿ ಅಂದ್ರು.

ರೇಷ್ಮಾಗ ಎಲ್ಲಾ ಹೇಳಿದ್ನಿ. ಹೇಳದ ಇರಾಕ ಆಗಲಿಲ್ಲ. ಅನಗವಾಡಿಗೆ ಯಾವಾಗ ಹೋಗೂದು, ಯಾವಾಗ ಹೋಗೂದು ಅಂತ ದಿನಾ ಗಂಟ ಬಿದ್ದಿದ್ಲು. ಆಕಿ ಕೇಳಿದ್ದು ಒಂದ ಮಾತು: "ನಮ್ಮವ್ವ ನಿನಗ ಸ್ವಂತ ಮಗಳಂಗ ಊಟಕ್ಕ ಹಾಕ್ಯಾಳ, ಆಕಿಗೂ ತಂದಿ ಇಲ್ಲ ಅಂತ ಹೇಳಿದೇಲ್ಲ?" ಅಷ್ಟ ಅಂದು ಹೋದ್ಲು. ಒಂಬತ್ತ ದಿನ ಅಂಗಡ್ಯಾಗ ನನ್ನ ಜೋಡಿ ಮಾತಿಲ್ಲ. ಒಂದ ಟೇಬಲ್ಲ, ಎರಡ ಖುರ್ಚಿ. ನಾ ಕಾಗದ ಇಡೂದು, ಆಕಿ ತಗೊಳ್ಳೂದು. ದೀಪಾವಳಿ ಹತ್ತರ ಬಂತು, ಓಣ್ಯಾಗೆಲ್ಲಾ ಹುಡುಗೋರು ಪಟಾಕ್ಷಿ ಹಾರಸಾಕತ್ತಾವ. ನಾ ಖೋಲಿ ಬಾಗಲಾ ಹಾಕ್ಕೊಂಡ ಕುಂದರತೇನಿ.

ನಿನ್ನೆ ಆಕಿ ಬಂದು ಮೈಕ ತನ್ನ ಚಾರ್ಜರಿಗೆ ಹಚ್ಚಿದ್ಲು. ನನ್ನ ಕಡೆ ನೋಡಲಿಲ್ಲ. "ಹಚ್ಚಿಟ್ಟಿರತೇನಿ. ನಿಮ್ಮಪ್ಪ ಬರದ್ರ ಬೇಕಾಗತೈತಿ" ಅಂದ್ಲು.

ಬರಿ ಅಪ್ಪಾ. ಬರಿಯೂದಿಲ್ಲ ಅಂತನರ ಬರಿ.

ಮಧು


ಜೈಲಿನಿಂದ
೨೪ ನವೆಂಬರ್ ೨೦೨೪

ಮಧು,

ಬರದ ಹರದ್ನಿ, ಬರದ ಹರದ್ನಿ. ಇಲ್ಲಿ ಕಾಗದ ಎಣಿಸಿ ಕೊಡತಾರ. ಇದು ಕಡೇದ್ದು.

ಹೊಳಿ ಮೋಟಾರ ನಮಗೂ ಗಿರಮಲ್ಲಪ್ಪಗೂ ಕೂಡಿ ಇತ್ತು. ತ್ರೀ ಫೇಸ್ ಕರೆಂಟ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಇರತಿತ್ತು. ಒಂದ ದಿನ ಅವಂದು, ಒಂದ ದಿನ ನಂದು. ಆವತ್ತ ಅವನ ಪಾಳಿ. ಅಂವ ಬಂದಿದ್ದಿಲ್ಲ, ಬೀಳಗಿಗೆ ಹೋಗ್ಯಾನಂತ ಯಾರೋ ಅಂದ್ರು, ನಾ ನನ್ನ ಹೊಲದ ಕಡೆ ನೀರ ತಿರವಿದ್ನಿ. ಒಂದೂವರಿಗೆ ಅಂವ ಬಂದ. ಬೈದ. ನಾನೂ ಬೈದ್ನಿ. ಅಂವ ನಮ್ಮಪ್ಪನ ಹೆಸರ ಎತ್ತಿದ. 'ನಿಮ್ಮಪ್ಪನೂ ಮಂದಿ ಬದು ಸರಿಸಿದಾಂವ' ಅಂದ. ನನ್ನ ಕೈಯಾಗ ಸಲಿಕಿ ಇತ್ತು. ಸಲಿಕಿ ಹಿಡಿಕಿಲೆ ತಲಿಗೆ ಹೊಡದ್ನಿ. ಒಂದ ಏಟ.

ಅಂವ ಕೆಳಗ ಕುಂತ. ರಕ್ತ ಬಾಳ ಬರಲಿಲ್ಲ. ನಾ ಅಂಜಿದ್ನಿ. ವಲ್ಲಿ ಹಸಿ ಮಾಡಿ ತಲಿಗೆ ಸುತ್ತಿದ್ನಿ, ಎಬ್ಬಿಸಿ ಬೇವಿನ ಗಿಡದ ಬುಡಕ್ಕ ಕುಂಡ್ರಿಸಿದ್ನಿ. ಅಂವ ಮಾತಾಡಿದ. ಚಂದ ಮಾತಾಡಿದ. "ನಾನೂ ಜಾಸ್ತಿ ಅಂದ್ನಿಲೇ" ಅಂದ. ಆಮ್ಯಾಲೆ "ಸುಂದ್ರಿಗೆ ಹೇಳಬ್ಯಾಡ, ಅಂಜತಾಳ. ಬಿದ್ದೇನಿ ಅಂತೇನಿ" ಅಂದ. ತಲಿ ಸುತ್ತತೈತಿ, ಒಂದೀಟ ಕುಂಡ್ರತೇನಿ, ನೀ ಹೋಗು, ನೀರ ಬದು ಒಡದೀತು ಅಂದ.

ನಾ ಹೋದ್ನಿ.

ಇದನ್ನ ನಾ ಯಾರಿಗೂ ಹೇಳಿಲ್ಲ. ನಿಮ್ಮವ್ವಗೂ ಹೇಳಿಲ್ಲ. ನಾ ಅವನ್ನ ಬಿಟ್ಟು ನನ್ನ ಹೊಲಕ್ಕ ನೀರ ಹಾಸಾಕ ಹೋದ್ನಿ. ಅರ್ಧ ತಾಸ ಹಾಸಿದ್ನಿ. ಅದೂ ಅವನ ಪಾಳಿ ನೀರು. ತಿರಗಿ ಬಂದಾಗ ಅಂವ ಹಂಗ ಕುಂತಿದ್ದ. ಕರದ್ನಿ. ಗದ್ದ ಎದಿ ಮ್ಯಾಲ ಬಿದ್ದಿತ್ತು. ಆಮ್ಯಾಲೆ ಮನೀಗೆ ಓಡಿ ಬಂದ್ನಿ. ನೀ ತಾಟ ಹಾಕಿದಿ. ಉಂಡ್ನಿ.

ಆ ಅರ್ಧ ತಾಸಿನ್ಯಾಗ ಅಂವ ನನ್ನ ಕರದ್ನೋ ಏನೋ. ಮೋಟಾರ ಸಪ್ಪಳದಾಗ ನನಗ ಕೇಳಿಲ್ಲ.

ಅಂವ ಹೇಳಬ್ಯಾಡ ಅಂದಿದ್ದ, ಅದಕ್ಕ ಹೇಳಿಲ್ಲ ಅಂತ ನನಗ ನಾನ ಹೇಳಕ್ಕೋತ ಬಂದೇನಿ. ಸುಳ್ಳ ಅದು. ಈ ಪತ್ರ ಸುಂದರವ್ವಗ ಓದಿ ಹೇಳು. ಮೊಬೈಲಿನ್ಯಾಗ ಹಾಕೂದು ಬಿಡೂದು ಆಕಿ ಹೇಳಿದಂಗ ಮಾಡು. ಹೆಸರ ಹಾಕು. ನನ್ನದೂ ಹಾಕು. ಸಾಹೇಬ್ರು ಇದನ್ನ ಓದತಾರ, ಓದಲಿ.

ಈಶ್ವರ


ಜಮಖಂಡಿ
೨೨ ಡಿಸೆಂಬರ್ ೨೦೨೪

ಅಪ್ಪಾ,

ಓದಿ ಹೇಳಿದ್ನಿ. ರೇಷ್ಮಾ ಜೋಡಿ ಬಂದಿದ್ಲು. 'ಒಬ್ಬಾಕಿನ ಹೋಗಬ್ಯಾಡ' ಅಂದ್ಲು, ಅಷ್ಟ. ಬಸ್ಸಿನ್ಯಾಗ ಕಿಡಿಕಿ ಕಡೆ ಜಾಗ ನನಗ ಬಿಟ್ಟ ಕೊಟ್ಲು.

ಕಾಕಿ ಒಳಗ ಕರದ ಚಾಪಿ ಹಾಸಿದ್ಲು. ನಾ ಓದಕೋತ ಹೋದ್ನಿ. ಆಕಿ ನೆಲಾ ನೋಡಕೋತ ಕುಂತಿದ್ಲು. 'ಸುಂದ್ರಿಗೆ ಹೇಳಬ್ಯಾಡ' ಅನ್ನೂದು ಬಂದಾಗ ಕೈ ಎತ್ತಿ ನಿಲ್ಲಿಸಿದ್ಲು.

"ಸುಂದ್ರಿ ಅಂತ ಬರದಾನ?"

"ಹೌದ್ರಿ."

"ನಾಕ ಮಂದಿ ಮುಂದ ಎಂದೂ ಹಂಗ ಕರದಿಲ್ಲ. ಖರೆ ಐತಿ ಇದು. ಖರೇನ ಬರದಾನ." ಸೆರಗಲೆ ಮಾರಿ ಒರಸ್ಕೊಂಡ್ಲು, ಆದ್ರ ನಗು ಬಂದಿತ್ತು ಆಕಿಗೆ. "ಅಂಜತಾಳ ಅಂದ್ನಾ! ಹಾವ ಹೊಡದಾಕಿ ನಾ. ಹಲ್ಲಿ ಕಂಡ್ರ ಹಾರತಿದ್ದಾಂವ ಅಂವ."

ಆಮ್ಯಾಲೆ ಮುಂದಿಂದು ಓದಿದ್ನಿ. ಆ ಅರ್ಧ ತಾಸಿಂದು. ಮತ್ತೊಮ್ಮೆ ಓದು ಅಂದ್ಲು. ಓದಿದ್ನಿ. ಇನ್ನೊಮ್ಮೆ ಅಂದ್ಲು. ಮೂರನೇ ಸರ್ತಿ ರೇಷ್ಮಾ ಕಾಗದ ಇಸಗೊಂಡ ಓದಿದ್ಲು. "ಒಬ್ಬನ ಕುಂತಿದ್ದ ಹಂಗಾರ" ಅಂದ್ಲು ಕಾಕಿ. "ಬೊಬ್ಬಿ ಹೊಡದ್ರ ಕೇಳೂವಷ್ಟ ದೂರದಾಗ ನಾ ಶೇಂಗಾ ಆರಸಾಕತ್ತಿದ್ನಿ. ಒಬ್ಬರ ಬಂದ ಹೇಳಿದ್ರ ನಾ ಓಡಿ ಹೋಗಿ ತೊಡಿ ಮ್ಯಾಲ ತಲಿ ಇಟಗೋತಿದ್ನಿ. ಉಳೀತಿದ್ದಿಲ್ಲೇನೋ. ಆದ್ರ ಒಬ್ಬನ ಇರತಿದ್ದಿಲ್ಲ."

ತಾನ ಮೈಕ ಕೇಳಿದ್ಲು. ನಲವತ್ತ ನಿಮಿಷ ಮಾತಾಡಿದ್ಲು. ತನ್ನ ಗಂಡ ಗಿರಮಲ್ಲಪ್ಪ ಎತ್ತಿಗೆ ಬೈಯಾಂವ, ಹೆಂಡತಿಗೆ ಬೈದಾಂವ ಅಲ್ಲ. ಬೆಲ್ಲದ ಚಹಾ ಬಿಟ್ಟರ ಕುಡೀತಿದ್ದಿಲ್ಲ. ಇಸ್ಪೇಟ ಆಟದಾಗ ಮೋಸ ಮಾಡಾಂವ, ಸಿಕ್ಕಬಿದ್ರ ನಗಾಂವ. ಎಂದೂ ಹಾಡಿದಾಂವ ಅಲ್ಲ, ಆದ್ರ ರಾಶಿ ಮಾಡೂಮುಂದ ಗುಣಗುಣ ಅಂತಿದ್ದ. ಹೆಸರ ಎಷ್ಟ ಸರ್ತಿ ಹೇಳಿದ್ಲು ಅಂತ ನಾ ಎಣಿಸಲಿಲ್ಲ. ಗಂಡನ ಹೆಸರ ಬಾಯ್ಲೆ ಹೇಳಬಾರದಂತ ಬೆಳದಾಕಿ ಅಪ್ಪಾ ಆಕಿ.

ಕಡೀಕ ನಾ ಮೈಕ ಇಸಗೊಂಡ್ನಿ. ನನ್ನ ಹೆಸರು ಮಧುಮತಿ, ಈಶ್ವರನ ಮಗಳು, ಗಿರಮಲ್ಲಪ್ಪ ಕಾಕಾನ್ನ ಹೊಡದಾಂವ ನಮ್ಮಪ್ಪ, ಕೋರ್ಟಿನ್ಯಾಗ ನಾ ಹೇಳಿದ್ದು ಸುಳ್ಳು ಅಂತ ಹೇಳಿದ್ನಿ. ಒಂದ ಸರ್ತೀಗೇ ಹೇಳಿದ್ನಿ. ಅಳಸಲಿಲ್ಲ.

ಹೊಂಡೂಮುಂದ ಚಹಾ ಮಾಡಿ ಕೊಟ್ಲು. ಬಾಗಲದಾಗ ನಿಂತ ಅಂದ್ಲು, "ಪೊಲೀಸರು ಮತ್ತ ಬರತಾರ. ಬಿಡ್ರಿ ಅಂತ ಹೇಳೂ ಮನಸಿತ್ತು ನಂದು, ಹದಿನಾಲ್ಕ ವರ್ಷಕ್ಕ ಬಂತು, ಸಾಕು ಅಂತ. ಈಗ ಬ್ಯಾಡ ಅಂತೇನಿ. ಹೊಡದದ್ದಕ್ಕ ಅಲ್ಲ. ಸಿಟ್ಟ ಯಾರಿಗೆ ಬರೂದಿಲ್ಲ? ಎದ್ದ ಹೋಗಿ ನೀರ ಹಾಸಿದ್ನೆಲ್ಲ, ಅದಕ್ಕ. ನಿನಗ ನನ್ನ ಮ್ಯಾಲ ಸಿಟ್ಟ ಬಂದ್ರ ಬರಲಿ."

ನನಗ ಸಿಟ್ಟ ಬರಲಿಲ್ಲ. ಆದ್ರ ಬಸ್ಸಿನ್ಯಾಗ ರೇಷ್ಮಾನ ಹೆಗಲ ಮ್ಯಾಲ ತಲಿ ಇಟ್ಟ ಬೀಳಗಿ ಬರೂತನಾ ಅತ್ನಿ.

ಮಧು


ಜಮಖಂಡಿ
೧೨ ಜನವರಿ ೨೦೨೫

ಅಪ್ಪಾ,

ಕಾಕಿ ಹಾಕ್ರಿ ಅಂದ್ಲು, ನಿನ್ನೆ ಹಾಕಿದ್ವಿ. ಮೊದಲನೇ ಕಂತೂ ತಗದು, ಹೆಸರ ಸೇರಿಸಿ ಮತ್ತ ಓದಿ ಹಾಕೇನಿ. ಒಬ್ಬಾಂವ 'ಕೊಲಿಗಾರನ ಮಗಳಿಗೆ ಮೈಕ ಯಾಕ' ಅಂತ ಬರದಾನ. ಇನ್ನೊಬ್ಬಾಕಿ ಯಾರೋ ಏನೂ ಮಾತಾಡದ ಬರೇ ಅತ್ತ ಕಳಸ್ಯಾಳ. ಬೋರವ್ವ ಮುಂಜಾನೆ ಮ್ಯಾಲ ಹತ್ತಿ ಬಂದು ಬಾಗಲದಾಗ ನಿಂತ್ಲು. ಖೋಲಿ ಬಿಡು ಅಂತಾಳಂತ ಮಾಡಿದ್ನಿ. "ಸಂಕ್ರಮಣಕ್ಕ ಮಾದ್ಲಿ ಮಾಡ್ತೇನಿ, ಕೆಳಗ ಊಟಕ್ಕ ಬಾ" ಅಂದ ಇಳದ ಹೋದ್ಲು.

ನಿನ್ನ ಭೇಟಿಗೆ ಬರಬೇಕಂತ ಮಾಡೇನಿ. ಅವ್ವನ ಮಣ್ಣಿಗೆ ಪೊಲೀಸರ ನಡುವ ಬಂದಿದ್ದಿ ನೋಡು, ಅದರ ಮ್ಯಾಲ ನಿನ್ನ ಮಾರಿ ನೋಡಿಲ್ಲ. ಯಾವಾಗ ಬರಲಿ?

ಮಧು


ಜೈಲಿನಿಂದ
೨ ಫೆಬ್ರವರಿ ೨೦೨೫

ಮಧು,

ಇಪ್ಪತ್ತಾರಕ್ಕ ಬಿಟ್ಟವರ ಪಟ್ಟಿಯೊಳಗ ನನ್ನ ಹೆಸರ ಇರಲಿಲ್ಲ. ನಮ್ಮ ಬ್ಯಾರಕ್ಕಿನ ನಾಕ ಮಂದಿ ಹೋದ್ರು. ಒಬ್ಬಾಂವಗ ನಾನ ಗಂಟ ಕಟ್ಟಿ ಕೊಟ್ನಿ. "ಮಗಳು ಆ ಪತ್ರ ಓದಲಿಲ್ಲಂದ್ರ ನೀನೂ ನಮ್ಮ ಜೋಡಿ ಬರತಿದ್ದಿ" ಅಂದ. ನೀ ಹಂಗ ವಿಚಾರ ಮಾಡಬ್ಯಾಡ. ಬರದಾಂವ ನಾ. ಓದು ಅಂದಾಂವನೂ ನಾ. ಸುಂದರವ್ವ ಅಂದದ್ದು ನನಗ ತಿಳೀತು. ಆಕಿ ಹಂಗ ಅನ್ನಲಿಲ್ಲಂದ್ರ ನಾ ಬರದದ್ದನ್ನ ಆಕಿ ಖರೆನ ಕೇಳಿಸಿಕೊಂಡಾಳೋ ಇಲ್ಲೋ ಅಂತ ನನಗ ಸಂಶೆ ಉಳೀತಿತ್ತು.

ಅವರು ಹೋದ ಮ್ಯಾಲ ಬ್ಯಾರಕ್ ಬಾಳ ದೊಡ್ಡದ ಕಾಣತೈತಿ. ಮಾತಾಡಿದ್ರ ನಮ್ಮ ಮಾತ ನಮಗ ತಿರಗಿ ಬರತೈತಿ. ಕೆಲಸ ಇಲ್ಲದಾಗ ಒಂದ ವಿಚಾರ ಮಾಡಕೋತ ಕುಂದರತೇನಿ. ಅದನ್ನ ನಿನ್ನ ಮಾರಿ ನೋಡಿ ಹೇಳಬೇಕಂತಿದ್ನಿ. ಆದ್ರ ಬಾಯಿಗೆ ಬರತೈತೋ ಇಲ್ಲೋ, ಅದಕ್ಕ ಬರದ ಬಿಡತೇನಿ.

ಗಿರಮಲ್ಲಪ್ಪನ ಸಲುವಾಗಿ ಕೋರ್ಟ ನನಗ ಶಿಕ್ಷಾ ಕೊಟ್ಟಿತು. ಎಂಟನೇತ್ತ ಕಲಿಯೂ ಹುಡಿಗಿನ್ನ ಕಟಕಟಿಯೊಳಗ ನಿಲ್ಲಿಸಿ, ಅಷ್ಟ ಮಂದಿ ಮುಂದ ಸುಳ್ಳ ಹೇಳಿಸಿದ್ನೆಲ್ಲ, ಅದಕ್ಕ ಯಾರೂ ನನಗ ಒಂದ ದಿನದ ಶಿಕ್ಷಾನೂ ಕೊಡಲಿಲ್ಲ. ನಿಮ್ಮವ್ವ ಬ್ಯಾಡ ಅಂದಿದ್ಲು. ಹೇಳ್ತಾಳ ಅಂತ ಒತ್ತಿದಾಂವ ನಾ. ನೀ ಕಟಕಟಿಯಿಂದ ಇಳದು ನನ್ನ ಕಡೆ ನೋಡಿದಿ, ಸರೀ ಹೇಳಿದ್ನ್ಯಾ ಅನ್ನೂವಂಗ. ನಾ ಗೋಣ ಹಾಕಿದ್ನಿ. ಅದು ದಿನಾ ಕಣ್ಣ ಮುಂದ ಬರತೈತಿ.

ಇನ್ನ ಮುಂದ ನಾ ಇಲ್ಲಿ ಎಷ್ಟ ದಿನ ಇರತೇನೋ, ಅದನ್ನ ನಿನ್ನ ಸಲುವಾಗಿ ಇದ್ದೇನಿ ಅಂತ ತಿಳಕೊಂಡೇನಿ. ಇದನ್ನ ಯಾರೂ ಹೇಳಿಲ್ಲ, ನಾನ ತಿಳಕೊಂಡದ್ದು. ಹಿಂಗ ತಿಳಕೊಂಡ ಮ್ಯಾಲ ಒಂದೀಟ ನಿದ್ದಿ ಹತ್ತತೈತಿ.

ಭೇಟಿ ಸೋಮವಾರ ಇರತೈತಿ. ಮುಂಜಾನಿ ಹತ್ತಕ್ಕ ಬಂದ್ರ ಪಾಳಿ ಸಣ್ಣದಿರತೈತಿ. ತಿನ್ನೂದು ಏನೂ ತರಬ್ಯಾಡ, ಒಳಗ ಬಿಡೂದಿಲ್ಲ. ಆಧಾರ ಕಾರ್ಡ ತಾ, ಅದರ ಝೆರಾಕ್ಸೂ ಒಂದ ತಾ. ಕೈದಿಗೆ ನೀ ಏನಾಗಬೇಕು ಅಂತ ಗೇಟಿನ್ಯಾಗ ಕೇಳತಾರ. ಏನ ಹೇಳಬೇಕಂತ ನಿನಗ ಅನಸತೈತೋ ಅದನ್ನ ಹೇಳು.

ಈಶ್ವರ